ಮಿಸ್ತ್ರಿ ಬಂದಾಗಷ್ಟೇ ಹಾರುತ್ತಿದ್ದ ನೀರು

ಅರವತ್ತರ ದಶಕದ ಆರಂಭ. ನಾನಾಗ ಕೊಲ್ಲಾಪುರದ ಒಂದು ಪಂಪಿನ ಅಂಗಡಿಯಲ್ಲಿ ಫಿಟ್ಟರ್. ಇಚಲಕರಂಜಿಯ ಮಗ್ಗದ ಮಾಲೀಕರಾದ ಅಪ್ಪಾಸಾಹೇಬರು ಹೊಸ ಬಂಗಲೆಯ ಮುಂದೆ ಹುಲ್ಲು ಬೆಳೆಸಿ, ಮುಂಬೈಯಿಂದ ಸ್ಪ್ರಿಂಕ್ಲರ್ ತರಿಸಿದ್ದರು. ಬಾವಿಯ ನೀರು ನಳದಿಂದ ಹಿತ್ತಲಿನ ಟಾಕಿಗೆ, ಅಂದರೆ ನೀರಿನ ತೊಟ್ಟಿಗೆ, ಬೀಳುವುದು. ಸಣ್ಣ ಪಂಪು ಅದನ್ನೆಳೆದು ಒತ್ತಡದಿಂದ ಮುಂದೆ ದೂಡುವುದು. ಹುಲ್ಲಿನ ನಡುವಿನ ಹಿತ್ತಾಳೆಯ ಮೂತಿ ತಿರುಗುತ್ತ ನೀರು ಚಿಮ್ಮಿಸುವುದು. ಇಷ್ಟೇ ಅದರ ಸಂಸಾರ.

ಜೋಡಿಸಿ ಬಂದ ಮರುದಿನವೇ ಕೆಟ್ಟಿತೆಂದು ಕರೆ ಬಂತು. ಹೋಗಿ ಗುಂಡಿ ಒತ್ತಿದರೆ ನೀರು ನವಿಲಿನ ಗರಿಯಂತೆ ಬಿಚ್ಚಿಕೊಂಡಿತು. ನಾನು ಊರು ಮುಟ್ಟುವಷ್ಟರಲ್ಲಿ ಮತ್ತೆ ಕೆಟ್ಟಿತು. ಮತ್ತೆ ಹೋದೆ, ಮತ್ತೆ ಕುಣಿಯಿತು. ಮೂತಿ ಬದಲಿಸಿದೆ, ಪಂಪು ಬಿಚ್ಚಿದೆ. ದೋಷವೇ ಸಿಗಲಿಲ್ಲ.

“ಏನ್ರಿ ಮಿಸ್ತ್ರಿ, ನಿಮ್ಮ ಮಾರಿ ಕಂಡ್ರಷ್ಟ ಹಾರತೈತಲ್ಲ! ಏನರ ನಂಟು, ಸೋಯರಿಕಿ ಐತೇನು?” ಎಂದು ನಕ್ಕ ಅಪ್ಪಾಸಾಹೇಬರು ದನಿ ತಗ್ಗಿಸಿದರು. “ಐತವಾರ ಗಡಹಿಂಗ್ಲಜದಿಂದ ಗಂಡಿನ ಕಡ್ಯಾವ್ರು ಮಗಳನ್ನ ನೋಡಾಕ ಬರತಾರ. ನೀರು ಕುಣಿಸಿ ತೋರಸ್ತೇನಿ ಅಂತ ಊರೆಲ್ಲ ಹೇಳಿ ಕುಂತೇನಿ. ಮಾನ ಉಳಸ್ರಿ.”

ಐತವಾರ ಮುಂಜಾನೆ ಸುಳಿವು ಕೊಡದೆ ಹಿತ್ತಲಿನಿಂದ ಒಳಹೊಕ್ಕೆ. ಅಲ್ಲಿ ಅಪ್ಪಾಸಾಹೇಬರ ತಾಯಿ, ಊರಿಗೆಲ್ಲ ಆಯಿ ಆಗಿದ್ದವರು, ಮೊಳಕೈತನಕ ಟಾಕಿಯಲ್ಲಿ ಕೈಯಿಳಿಸಿ, ಪಂಪು ನೀರೆಳೆಯುವ ಪೈಪಿನ ಬಾಯಿಗೆ ಎರಡು ಪದರದ ಬಟ್ಟೆ ಬಿಗಿಯುತ್ತಿದ್ದರು!

“ಆಯಿ, ಏನ ಮಾಡಾಕತ್ತೀರಿ?”

“ಏ, ದೂರ ನಿಂದ್ರಪಾ! ಸೋಸೂ ಅರಿವಿ, ಮುಟ್ಟಬ್ಯಾಡ. ನೀ ಬರೂ ಸುದ್ದಿ ತಿಳಿದ್ರ ಬಿಚ್ಚಿ ಒಳಗಿಡತಿದ್ದೆ. ಇವತ್ತ ಹೇಳದ ಬಂದಿ ನೋಡು.”

ಜೈನರ ಮನೆ; ಸೋಸದ ನೀರು ಬಳಸುವಂತಿಲ್ಲ. ಆಯಿಗೆ ಹುಲ್ಲಿಗೂ ಅದೇ ನೇಮ. ಪಾಚಿ ಮೆತ್ತಿದ ಆ ಬಟ್ಟೆಯ ಹಿಂದೆ ನನ್ನ ಪಂಪು ಉಸಿರುಗಟ್ಟಿ ಸಾಯುತ್ತಿತ್ತು.

ಗದ್ದಲ ಕೇಳಿ ಬಂದ ಅಪ್ಪಾಸಾಹೇಬರು ಹಣೆ ಚಚ್ಚಿಕೊಂಡರು. “ಆಯಿ, ಇವತ್ತೊಂದಿನ ಬಿಡ!”

“ಗಂಡಿನ ಕಡ್ಯಾವ್ರು ಬರತಾರಂತ ಧರ್ಮ ರಜಾ ಹಾಕತೈತೇನೋ? ಮ್ಯಾಲಿನ ನಳಕ್ಕ ಕಟ್ಟೂಣಂದ್ರ ಕೈ ನಿಲಕೂದಿಲ್ಲ.”

ಆ ಮಾತಿನಲ್ಲೇ ಉಪಾಯವಿತ್ತು. ಹಳೆಯ ಮಂಚದ ಚೌಕಟ್ಟನ್ನು ಟಾಕಿಯ ಮೇಲಿಟ್ಟು ಅಗಲವಾದ ಬಟ್ಟೆ ಹಾಸಿದರೆ ನೀರು ಸೋಸಿಕೊಂಡೇ ಟಾಕಿಗಿಳಿಯುತ್ತದೆ. ಪಂಪಿನ ಬಾಯಿ ತೆರೆದಿರುತ್ತದೆ. ಮೊಳೆ ನಾನು ಹೊಡೆದೆ. ಬಟ್ಟೆ ಮುಟ್ಟುವ ಅಧಿಕಾರ ನನಗಿರಲಿಲ್ಲ. ಅದನ್ನು ಹಾಸಿದವರು ಆಯಿ. ಮಗ್ಗದ ಮಾಲೀಕರು ಧೋತರ ಎತ್ತಿ ಕಟ್ಟಿ ಚೌಕಟ್ಟು ಹಿಡಿದು ನಿಂತರು. ಸೋಸಿದ ಬಟ್ಟೆಯನ್ನು ಜಾಲಿಸಿ, ಅದರಲ್ಲುಳಿದ ಜೀವಗಳನ್ನು ಮರಳಿ ಬಾವಿಗೇ ಬಿಟ್ಟಾಗ ಆಯಿಗೆ ಸಮಾಧಾನ.

ಸಂಜೆಗೆ ಮುಂಚೆ ನೆಂಟರು ಬಂದರು. ಗುಂಡಿ ಒತ್ತಿದೆ, ನೀರು ಗಿರಗಿರನೆ ಹಾರಿತು. ಎಲ್ಲರೂ ವಾಹ್ವಾ ಎಂದರೂ ವರನ ತಾಯಿ ಮಾತ್ರ ಸೆರಗು ಹಿಡಿದು ಹಿಂದೆ ಸರಿದರು. “ಸೋಸಲಾರದ ನೀರೇನ್ರಿ ಇದು?”

ಅಪ್ಪಾಸಾಹೇಬರು ತಾಯಿಯತ್ತ ತಿರುಗಿದರು. ಆಯಿ ಆರಾಮಾಗಿ ಅಂದರು: “ನಮ್ಮ ಮನ್ಯಾಗ ಹುಲ್ಲು ಸೈತ ಸೋಸಿದ್ದ ಕುಡೀತೈತಿ, ತಂಗಿ. ಹಿತ್ತಲಕ್ಕ ಬಾ, ತೋರಸ್ತೇನಿ.”

ಆ ತಾಯಿ ಟಾಕಿ ನೋಡಿ ಬಂದರು. ಹುಡುಗಿಯನ್ನು ಕರೆಸುವ ಮೊದಲೇ, “ಇಂಥಾ ಮನೀ ಹುಡುಗೀನ ಬೇಕು” ಎಂದುಬಿಟ್ಟರು.

ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಯಂತ್ರದ ಸ್ವಭಾವವಷ್ಟೇ ಇರುತ್ತದೆ, ಮನೆಯದು ಇರುವುದಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ, ಚೀಲದಿಂದ ನಟ್ಟು ತಿರುಗಿಸುವ ಪಾನಾ ತೆಗೆಯುವ ಮುನ್ನ ಹಿರಿಯರನ್ನು ಹುಡುಕಿ ಮಾತಾಡಿಸುವುದನ್ನು ನಾನು ಕೆಲಸದ ಮೊದಲ ಹೆಜ್ಜೆಯಾಗಿಸಿಕೊಂಡೆ.