ಕೊನೆಯ ಚರಣದ ಶ್ರುತಿ

ನಮ್ಮ ನಾಟಕ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹೆಂಗಸನ್ನು ಎಲ್ಲರೂ ಚಡಪಡಿ ಎಂದೇ ಕರೆಯುತ್ತಿದ್ದೆವು. ಎದುರಿಗೇ ಕರೆದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೇಸರ ಮಾಡಿಕೊಳ್ಳುವುದಕ್ಕಾದರೂ ಒಂದು ಕಡೆ ಕೂರಬೇಕಲ್ಲ! ತಾಲೀಮಿನ ನಡುವೆ ಐದು ನಿಮಿಷ ಬಿಡುವು ಸಿಕ್ಕಿದರೆ ಮೆಟ್ಟಿಲು ಹತ್ತಿ ಇಳಿಯುವಳು, ಕಿಟಕಿ ತೆಗೆಯುವಳು, ಮತ್ತೆ ಹಾಕುವಳು. ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಕುಣಿಯುತ್ತಲೇ ಇರುತ್ತಿತ್ತು. ನಾನು ಬೆಳಕು ನೋಡಿಕೊಳ್ಳುವವನು. ನನ್ನ ಸ್ವಿಚ್ಚುಗಳ ಮೇಜು ಅವಳ ಕೀಬೋರ್ಡಿನ ಪಕ್ಕದಲ್ಲೇ ಇತ್ತು, ಹಾಗಾಗಿ ನಡೆದದ್ದನ್ನೆಲ್ಲ ಹತ್ತಿರದಿಂದ ಕಂಡೆ.

ತಂಡದ ಮುಖ್ಯ ಗಾಯಕಿ ಅವಳ ಸ್ವಂತ ಅಕ್ಕ. ಇಬ್ಬರಿಗೂ ಮದುವೆಯಿಲ್ಲ, ಇದ್ದದ್ದು ಒಂದೇ ಮನೆಯಲ್ಲಿ. ಅಕ್ಕನಿಗೆ ಆಗ ಐವತ್ತೆರಡು, ತಂಗಿಗೆ ಏಳು ವರ್ಷ ಕಡಿಮೆ. ಪ್ರತಿ ಶನಿವಾರ, ಭಾನುವಾರ ಮಧ್ಯಾಹ್ನ ನಾವು ಆಡುತ್ತಿದ್ದುದು ಹಾಡುಗಳಿಂದ ತುಂಬಿದ ಒಂದೇ ನಾಟಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದವಳೊಬ್ಬಳ ಕಥೆ. ಕೊನೆಯಲ್ಲಿ ಎಕ್ಸ್‌ಚೇಂಜ್ ಮುಚ್ಚುತ್ತದೆ. ಅವಳು ಒಂದೊಂದೇ ವೈರು ಕೀಳುತ್ತ ಹಾಡುತ್ತಾಳೆ. ಕೊನೆಯ ಚರಣಕ್ಕೆ ಬರುವಾಗ ಇಡೀ ಹಾಡಿನ ಶ್ರುತಿ ಅರ್ಧ ಮನೆ ಮೇಲೇರುತ್ತದೆ. ಕೀಬೋರ್ಡಿನಲ್ಲಿ ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಹೋದರೆ ಅರ್ಧ ಮನೆ, ಅಷ್ಟೇ. ಧಾಟಿಯೂ ಅದೇ, ಮಾತೂ ಅದೇ. ಆದರೂ ಆ ಏರಿಕೆಗೆ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. ಹಾಡು ಮುಗಿಯುವ ಮೊದಲೇ ಚಪ್ಪಾಳೆ. ನಿರ್ದೇಶಕರ ಜೀವವೆಲ್ಲ ಆ ಅರ್ಧ ಮನೆಯಲ್ಲಿತ್ತು.

ಅಕ್ಕನ ಗಂಟಲು ಸೋಲುತ್ತಿರುವುದು ಮೊದಲು ಗೊತ್ತಾದದ್ದು ಚಡಪಡಿಗೆ. ಬಟ್ಟೆ ಒಣಹಾಕುತ್ತ ಗುನುಗುವಾಗ ಅಕ್ಕ ತನಗೇ ಅರಿವಿಲ್ಲದೆ ಕೆಳಗಿನ ಶ್ರುತಿ ಹಿಡಿಯುತ್ತಿದ್ದಳು. ರಂಗದ ಮೇಲೆ ಏರಿಕೆ ಹತ್ತಿರ ಬಂದಂತೆ ಅವಳ ಭುಜ ಕಿವಿಯವರೆಗೆ ಹೋಗುತ್ತಿತ್ತು. ಆ ವರ್ಷದ ಎರಡು ತಿಂಗಳ ರಜೆ ಮುಗಿದ ಮೊದಲ ದಿನ ಚಡಪಡಿ ನನ್ನ ಬಳಿ ಬಂದು, "ಒಂದು ತುಂಡು ಕಪ್ಪು ಟೇಪು ಕೊಡೋ" ಎಂದಳು. ಕೊಟ್ಟೆ. ಅದನ್ನು ಕೀಬೋರ್ಡಿನ ಪುಟ್ಟ ಪರದೆಯ ಮೇಲೆ ಅಂಟಿಸಿದಳು. ಶ್ರುತಿ ಎಷ್ಟಕ್ಕಿದೆ ಎಂದು ತೋರಿಸುವ ಅಂಕಿ ಅಲ್ಲಿತ್ತು. ಆ ವರ್ಷ ಗುಂಡಿಯೊತ್ತಿ ಅರ್ಧ ಮನೆ ಇಳಿಸಿದಳು, ಮರುವರ್ಷ ಇನ್ನರ್ಧ. ಏರಿಕೆ ಏರಿಕೆಯಾಗಿಯೇ ಉಳಿಯಿತು, ಹೊರಡುವ ಜಾಗ ಮಾತ್ರ ಕೆಳಗೆ ಹೋಯಿತು. ಕೀಬೋರ್ಡು, ಡ್ರಮ್ಮು ಬಿಟ್ಟರೆ ಬೇರೆ ವಾದ್ಯವಿರಲಿಲ್ಲ. ಹಿಮ್ಮೇಳದವರು ಕೀಬೋರ್ಡ್ ಹೇಳಿದಂತೆ ಹಾಡುತ್ತಿದ್ದರು. ಅಕ್ಕನೂ ಅಷ್ಟೆ. "ಈ ಸಲ ಯಾಕೋ ಗಂಟಲು ಚೆನ್ನಾಗಿದೆ ಕಣೇ" ಎಂದು ಅವಳು ಖುಷಿಪಟ್ಟಾಗ ಚಡಪಡಿ ಎದ್ದು ಕಿಟಕಿ ತೆಗೆಯಲು ಹೋದಳು. ಅದು ತೆಗೆದೇ ಇತ್ತು.

ಮೂರನೆಯ ವರ್ಷ ನಿರ್ದೇಶಕರು ಒಂದು ಮಾತೂ ಹೇಳದೆ ಕ್ಲಾರಿನೆಟ್ ನುಡಿಸುವವರನ್ನು ಕರೆತಂದರು. ಮಿತಭಾಷಿ ಮನುಷ್ಯ. ಸ್ವರ ಬರೆದ ಕಾಗದ ಮುಂದಿಟ್ಟುಕೊಂಡು, ಅದರಲ್ಲಿದ್ದಂತೆ ಊದಿದರು. ಎರಡು ಲಾರಿಗಳು ಒಂದೇ ಗಲ್ಲಿಗೆ ನುಗ್ಗಿದಂತಾಯಿತು. ಹಿಮ್ಮೇಳದವರು ಕಿವಿ ಮುಚ್ಚಿಕೊಂಡರು.

"ಯಾರದು ತಪ್ಪು?" ಎಂದರು ನಿರ್ದೇಶಕರು.

ಕ್ಲಾರಿನೆಟ್ಟಿನವರು ಕಾಗದ ನೋಡಿದರು, ಕೀಬೋರ್ಡ್ ನೋಡಿದರು. "ನಾನು ಬರೆದಿರೋದನ್ನೇ ಊದ್ತಿದೀನಿ ಸಾರ್. ಮೇಡಂ ಒಂದು ಮನೆ ಕೆಳಗಿದ್ದಾರೆ."

ಎಲ್ಲರೂ ಕೀಬೋರ್ಡಿನತ್ತ ತಿರುಗಿದರು. ಚಡಪಡಿಯ ಬೆರಳುಗಳು ಆ ಒಂದು ಗಳಿಗೆ ಮಾತ್ರ ಅಲ್ಲಾಡದೆ ನಿಂತದ್ದನ್ನು ಕಂಡೆ. ಅಕ್ಕ ರಂಗದಿಂದ ಇಳಿದು ಬಂದು ಟೇಪನ್ನು ಉಗುರಿನಲ್ಲಿ ಕಿತ್ತಳು.

"ಎಷ್ಟು ದಿನದಿಂದ?"

"ಎರಡು ವರ್ಷ ದಾಟಿತು."

"ನನ್ನ ಗಂಟಲಿಗೆ ಕಾವಲು ಕೂತ್ಕೋ ಅಂತ ನಿಂಗೆ ಯಾರೇ ಹೇಳಿದ್ದು?"

"ನೀನು ಕಷ್ಟಪಡೋದು ಕೇಳಿಸ್ತಿತ್ತು ಅಕ್ಕಾ."

"ಕೇಳಿಸಿದ್ರೆ ಹೇಳ್ಬೇಕಿತ್ತು. ಬಾಯಿ ಇರ್ಲಿಲ್ವಾ? ಊರಿಗೆಲ್ಲ ನಾನು ಮೇಲೆ ಹಾಡ್ತೀನಿ ಅಂತ ಬೀಗ್ತಾ ತಿರುಗಿದ್ನಲ್ಲೇ!" ಟೇಪನ್ನು ಉಂಡೆಮಾಡಿ ಎಸೆದಳು. "ಶನಿವಾರ ಕಾಗದದಲ್ಲಿರೋ ಶ್ರುತಿಗೇ ನುಡಿಸು. ಒಂದು ಕೂದಲೂ ಕೆಳಗಿಳಿಯೋ ಹಾಗಿಲ್ಲ."

ಶನಿವಾರದವರೆಗೆ ನಾಲ್ಕು ದಿನ ಅವರ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಚಡಪಡಿ ಬೆಳಗ್ಗೆ ಆರಕ್ಕೇ ರಂಗಮಂದಿರಕ್ಕೆ ಬಂದು ಖಾಲಿ ಕುರ್ಚಿಗಳ ಸಾಲುಗಳ ನಡುವೆ ಅಡ್ಡಾಡುತ್ತಿದ್ದಳು. "ಸ್ವಲ್ಪ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನಂಗೇ ಸುಸ್ತಾಗ್ತಿದೆ" ಎಂದೆ. "ಕೂತ್ರೆ ಅವಳ ದನಿ ಒಡೆಯೋದು ಕೇಳಿಸುತ್ತೆ ಕಣೋ" ಎಂದು ಇನ್ನೊಂದು ಸಾಲಿಗೆ ಹೋದಳು.

ಶನಿವಾರ ಮಂದಿರ ತುಂಬಿತ್ತು. ಮೊದಲ ಹಾಡುಗಳನ್ನು ಅಕ್ಕ ಹಲ್ಲು ಕಚ್ಚಿ ಹಾಡಿದಳು. ಕೊನೆಯ ಹಾಡಿನ ಎರಡನೆಯ ಚರಣದಲ್ಲೇ ದನಿ ಸೀಳಿತು. ಮುಂದಿನ ಸಾಲಿನವರು ತಲೆಯೆತ್ತಿ ನೋಡಿದರು. ಏರಿಕೆಗೆ ಮುಂಚೆ ಎರಡು ತಾಳದಷ್ಟು ಬಿಡುವಿತ್ತು. ಅಕ್ಕ ಕೈಯಲ್ಲಿದ್ದ ವೈರನ್ನು ಹಿಡಿದುಕೊಂಡೇ ತಂಗಿಯತ್ತ ತಿರುಗಿದಳು. ಇನ್ನೊಂದು ಕೈಯ ಅಂಗೈಯನ್ನು ಸೊಂಟದ ಬಳಿ ಮೆಲ್ಲಗೆ ಕೆಳಕ್ಕೆ ಒತ್ತಿದಳು. ಮಲಗಿದ ಮಗುವಿನ ಮೇಲಿನ ಹೊದಿಕೆ ಸರಿಮಾಡುವಂತೆ.

ಗುಂಡಿ ಒತ್ತಲು ಹೊತ್ತಿರಲಿಲ್ಲ. ಚಡಪಡಿ ಬೆರಳುಗಳನ್ನೇ ಕೆಳಗಿಳಿಸಿದಳು. ಅರ್ಧ ಮನೆಯಲ್ಲ, ಎರಡು ಮನೆ. ಹಿಮ್ಮೇಳದಲ್ಲಿ ಮೂವರು ಅಭ್ಯಾಸಬಲದಿಂದ ಮೇಲೇರಿ, ನಾಲಗೆ ಕಚ್ಚಿಕೊಂಡು ಸುಮ್ಮನಾದರು. ಕ್ಲಾರಿನೆಟ್ಟಿನವರು ಕಾಗದ ಬಿಟ್ಟು ಕಿವಿಯನ್ನು ನಂಬಿ ಅವಳ ಹಿಂದೆ ಬಂದರು. ಆ ತಗ್ಗಿನಲ್ಲಿ ಅಕ್ಕ ಹಾಡಿದ ಚರಣವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದು ಹಾಡುಗಾರ್ತಿಯ ದನಿಯಂತಿರಲಿಲ್ಲ. ಮೂವತ್ತು ವರ್ಷ ಬೇರೆಯವರ ಮಾತನ್ನು ಬೇರೆಯವರಿಗೆ ತಲುಪಿಸಿ, ಈಗ ಕೆಲಸ ಮುಗಿಸಿ ಹೊರಟವಳ ದನಿಯಂತಿತ್ತು. ನಾನು ದೀಪ ಆರಿಸುವುದನ್ನು ಎರಡು ಗಳಿಗೆ ಮರೆತೆ.

ಚಪ್ಪಾಳೆ ತಡವಾಗಿ ಬಂತು. ಎಂದಿನಷ್ಟು ಜೋರಾಗಿಯೂ ಇರಲಿಲ್ಲ, ಸುಳ್ಳೇಕೆ ಹೇಳಲಿ. ನಿರ್ದೇಶಕರು ಒಳಗೆ ಬಂದವರೇ, "ಹತ್ತಬೇಕಾದ ಕಡೆ ಇಳಿದ್ರೆ ಹೇಗಮ್ಮಾ? ಜನ ಮನೆಗೆ ಏನು ತಗೊಂಡು ಹೋಗ್ತಾರೆ?" ಎಂದು ಹಾರಾಡಿದರು.

"ಇಳಿಸು ಅಂದವಳು ನಾನು. ಅವಳನ್ನೇನೂ ಅನ್ಬೇಡಿ" ಎಂದಳು ಅಕ್ಕ. ಆಮೇಲೆ ಬಣ್ಣ ಒರೆಸುವ ಬಟ್ಟೆಯನ್ನು ತಂಗಿಯ ಕೈಗೆ ಕೊಟ್ಟು, "ಕತ್ತಿನ ಹಿಂದೆ ಕೈ ಎಟುಕಲ್ಲ, ಒರೆಸೇ" ಎಂದಳು. ನಾಲ್ಕು ದಿನದ ಮೇಲೆ ತಂಗಿಯೊಡನೆ ಆಡಿದ ಮೊದಲ ಮಾತು ಅದು.

ಮುಂದಿನ ತಿಂಗಳು ಆ ಪಾತ್ರಕ್ಕೆ ಇಪ್ಪತ್ತಾರರ ಹುಡುಗಿಯೊಬ್ಬಳು ಬಂದಳು. ಅರ್ಧ ಮನೆ ಏರಿಕೆ ಅವಳಿಗೆ ನೀರು ಕುಡಿದಷ್ಟು ಸುಲಭ. ಚಪ್ಪಾಳೆ ಮರಳಿ ಬಂತು. ಅಕ್ಕ ಮೂರು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಎಕ್ಸ್‌ಚೇಂಜಿನ ಸಿಡುಕಿ ಮೇಲ್ವಿಚಾರಕಿಯ ಪಾತ್ರ ಒಪ್ಪಿಕೊಂಡಳು. ಅದರಲ್ಲಿ ಒಂದೇ ಹಾಡು, ಅದೂ ಬೈಗುಳದ ಹಾಡು. ತಾಲೀಮಿಗೆ ಮೊದಲೇ ಕೀಬೋರ್ಡಿಗೆ ಒರಗಿ ನಿಂತು, ಎಲ್ಲರೆದುರಿಗೆ ತನ್ನ ಶ್ರುತಿ ತಾನೇ ಆರಿಸಿಕೊಂಡಳು. ಚಡಪಡಿಗೆ ಮಾತ್ರ ಹೊಸ ಹುಡುಗಿಯ ಏರಿಕೆಯನ್ನು ಕೂತು ನುಡಿಸಲು ಆಗಲೇ ಇಲ್ಲ. ಪ್ರತಿ ಸಲ ಅಲ್ಲಿಗೆ ಬಂದಾಗ ಎದ್ದು ನಿಲ್ಲುತ್ತಿದ್ದಳು. ಕಾಲಿಗೆ ಸಿಕ್ಕಿ ಉರುಳದಿರಲೆಂದು ನಾನೇ ಅವಳ ಸ್ಟೂಲನ್ನು ಹಿಂದಕ್ಕೆ ಎಳೆಯುತ್ತಿದ್ದೆ.

ಒಂದು ಸೋಮವಾರ ಬೆಳಗ್ಗೆ ಅವರ ಅಡುಗೆಮನೆಯ ಸ್ವಿಚ್ಚು ಸರಿಮಾಡಲು ಹೋಗಿದ್ದೆ. ನಡುಮನೆಯಲ್ಲಿ ಚಡಪಡಿಯ ಕೀಬೋರ್ಡಿನ ಜೊತೆ ಅದೇ ವೈರು ಕೀಳುವ ಹಾಡು ನಡೆದಿತ್ತು. ಗಂಟಲು ಇನ್ನೆಲ್ಲಿಯವರೆಗೆ ಇಳಿಯುತ್ತದೆ ಎಂದು ಅಕ್ಕ ಹುಡುಕುತ್ತಿದ್ದಳು. ಪಕ್ಕದ ಮನೆಯವರು ಗೋಡೆ ಬಡಿದರು.

"ಬಡ್ಕೊಳ್ಳಿ ಬಿಡು" ಎಂದಳು ಅಕ್ಕ. "ಇನ್ನೊಂದರ್ಧ ಇಳಿಸೇ, ನೋಡೋಣ."