ಪತ್ತನಾಜೆಯ ತಾರೀಕು

ವಿಮೆ ಏಜೆಂಟರ ಅಂಗಿಯ ಬೆನ್ನಿನ ಮೇಲೆ ಯಾವಾಗಲೂ ಇಂಜಿನ್ ಎಣ್ಣೆಯ ಕಲೆ ಇರುತ್ತಿತ್ತು. ಮುಂದಿನಿಂದ ನೋಡಿದರೆ ಹಣೆಯಲ್ಲಿ ಗಂಧ, ಕಿವಿಯ ಸಂದಿಯಲ್ಲಿ ತುಳಸಿಯ ಕುಡಿ. ಕದ್ರಿಯ ಅರ್ಚಕರ ಮನೆಯವರೆಂದು ಯಾರು ಬೇಕಾದರೂ ಹೇಳಬಹುದಿತ್ತು. ಹಿಂದಿನಿಂದ ನೋಡಿದರೆ ಗ್ಯಾರೇಜಿನ ಮನುಷ್ಯ. ಜೀಪೋ ಲಾರಿಯೋ, ವಿಮೆ ಮಾಡಿಸಬೇಕಾದ ಗಾಡಿಯ ಅಡಿಗೆ ಅಂಗಾತ ತೂರಿಕೊಂಡು ನೋಡದೆ ಅವರು ಕಾಗದ ಹೊರಗೆ ತೆಗೆಯುತ್ತಿರಲಿಲ್ಲ. ಅಣ್ಣಂದಿರು ಪೂಜೆ ಮಾಡುವವರಾದ್ದರಿಂದ ಸಂಜೆ ಹಿತ್ತಲ ಬಾವಿಕಟ್ಟೆಯಲ್ಲಿ ಮಿಂದೇ ಮನೆಯೊಳಗೆ ಹೋಗಬೇಕಿತ್ತಂತೆ. ದಿನಕ್ಕೆರಡು ಸ್ನಾನ, ಆರೋಗ್ಯಕ್ಕೆ ಒಳ್ಳೆಯದೇ ಎಂದು ನಗುತ್ತಿದ್ದರು.

ನಮ್ಮ ಮನೆ ಬೋಳಾರದಲ್ಲಿ. ನನ್ನ ಬಾಪ, ಎಂದರೆ ಅಪ್ಪ, ಹಂಚಿನ ಕಾರ್ಖಾನೆಗಳಿಗೆ ಆವೆಮಣ್ಣು ಒದಗಿಸುವವರು. ಮಿಲಿಟರಿಯವರು ಹರಾಜು ಹಾಕಿದ ಎರಡು ಹಳೆಯ ಜೀಪುಗಳಿದ್ದವು. ಅವುಗಳ ಹಿಂದೆ ಟ್ರೈಲರ್ ಕಟ್ಟಿ ಮಣ್ಣು ಸಾಗಿಸುತ್ತಿದ್ದರು. ಐವತ್ತರ ದಶಕದ ನಡುವಿನಲ್ಲಿ ನನ್ನ ತಾಯಿ ಉಮ್ಮನ ಚಿನ್ನ ಮಾರಿ ಒಂದು ಚೈನ್ ಟ್ರ್ಯಾಕ್ಟರನ್ನೂ ತಂದರು. ಟಯರಿನ ಬದಲು ಕಬ್ಬಿಣದ ಪಟ್ಟಿಯ ಮೇಲೆ ಉರುಳುವ ಆ ದೈತ್ಯ ನೇತ್ರಾವತಿಯ ದಡದ ಗದ್ದೆಗಳಲ್ಲಿ ಮಣ್ಣು ದೂಡಿ ರಾಶಿ ಹಾಕುತ್ತಿತ್ತು. ನಮ್ಮ ಮನೆಯ ಅನ್ನ, ಇಬ್ಬರು ಅಕ್ಕಂದಿರ ಮದುವೆ, ನನ್ನ ಶಾಲೆ ಎಲ್ಲವೂ ಅದರ ಮೇಲೆಯೇ ಕೂತಿತ್ತು.

ವಿಮೆ ಮಾಡಿಸುವುದು ಸರಿಯೋ ತಪ್ಪೋ ಎಂದು ಬಾಪನಿಗೆ ಮೊದಲು ಅಳುಕಿತ್ತು. ಎಲ್ಲವೂ ಪಡೆದವನ, ಆ ದೇವರ ಕೈಯಲ್ಲಿರುವಾಗ ಇದೆಂಥ ಜೂಜು ಎಂದು ಮಸೀದಿಯ ಗೆಳೆಯರು ಹೇಳಿದ್ದರು. ಏಜೆಂಟರು ವಾದ ಮಾಡಲಿಲ್ಲ. “ನಾವು ದೇವಸ್ಥಾನದವರು, ಸಾಹುಕಾರ್ರೆ. ದೇವರನ್ನು ನಂಬದೆ ಉಂಟಾ? ಆದರೂ ರಾತ್ರಿ ಬಾಗಿಲಿಗೆ ಬೀಗ ಹಾಕ್ತೇವೆ” ಎಂದರು. ಬಾಪ ನಕ್ಕುಬಿಟ್ಟರು. ಅಂದಿನಿಂದ ಅವರಿಬ್ಬರೂ ಸ್ನೇಹಿತರು. ತುಳುವಿನಲ್ಲಿ ಶುರು ಮಾಡಿ, ಕಂಪೆನಿಯ ವಿಷಯ ಬಂದಾಗ ಕನ್ನಡಕ್ಕೆ ದಾಟಿಕೊಳ್ಳುತ್ತಿದ್ದರು. ನಮ್ಮ ಮನೆಯ ಚಾ ಅವರಿಗೆ ಆಗುವಂತಿರಲಿಲ್ಲ, ಕಾಲ ಹಾಗಿತ್ತು. ಅವರಿಗೆಂದೇ ಬಾಪ ಮರದಿಂದ ಬೊಂಡ, ಎಂದರೆ ಎಳನೀರು, ಇಳಿಸಿಡುತ್ತಿದ್ದರು.

ಜೀಪುಗಳ ವಿಮೆ ಸುಲಭದಲ್ಲಿ ಆಯಿತು. ಟ್ರ್ಯಾಕ್ಟರಿನದ್ದು ಮಾತ್ರ ಕಗ್ಗಂಟು. ರಸ್ತೆಗೆ ಬರದ, ನಂಬರ್ ಪ್ಲೇಟ್ ಇಲ್ಲದ, ಕೆಸರಲ್ಲಿ ದುಡಿಯುವ ಯಂತ್ರ ಯಾರಿಗೆ ಬೇಕು? ಮದರಾಸಿನ ಕಚೇರಿ ಮತ್ತೆ ಮತ್ತೆ ಆಗುವುದಿಲ್ಲವೆಂದಿತು. ಏಜೆಂಟರು ಹಟ ಹಿಡಿದು ಬರೆಯುತ್ತಲೇ ಹೋದರು. ಕೊನೆಗೆ ಕಂಪೆನಿ ಒಂದು ಶರತ್ತಿನ ಮೇಲೆ ಒಪ್ಪಿತು: ಮಳೆಗಾಲಕ್ಕೆ ಮೊದಲು ಯಂತ್ರವನ್ನು ಗದ್ದೆಯಿಂದ ಎತ್ತರದ ಶೆಡ್ಡಿಗೆ ಸಾಗಿಸಬೇಕು, ಅದಕ್ಕೊಂದು ಕೊನೆಯ ತಾರೀಕು ಹೇಳಬೇಕು, ಆ ತಾರೀಕು ದಾಟಿದ ಮೇಲೆ ಗದ್ದೆಯಲ್ಲಿ ಏನಾದರೂ ವಿಮೆ ಸಿಗದು.

ಬಾಪ ಪತ್ತನಾಜೆ ಎಂದರು. ಇನ್ನೇನು ಹೇಳಿಯಾರು? ತುಳುವರ ಬೇಶ ತಿಂಗಳ ಹತ್ತನೆಯ ದಿನ ಅದು. ಅಂದಿಗೆ ಭೂತಗಳ ಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ಮುಂದೆ ಮಳೆಯ ಕಾರುಬಾರು. ಮಣ್ಣಿನ ಕೆಲಸದವರೂ ಅಂದು ಮಧ್ಯಾಹ್ನದವರೆಗೆ ದುಡಿದು, ಯಂತ್ರಕ್ಕೆ ತೆಂಗಿನಕಾಯಿ ಒಡೆದು, ಆ ವರ್ಷದ ಕೆಲಸ ನಿಲ್ಲಿಸುತ್ತಿದ್ದರು. ಮದರಾಸಿನವರಿಗೆ ಪತ್ತನಾಜೆ ಎಂದರೆ ಎಂತ ಗೊತ್ತು? ಏಜೆಂಟರು ಪಂಚಾಂಗ ನೋಡಿ, ಆ ದಿನದ ಇಂಗ್ಲಿಷ್ ತಾರೀಕು ಬರೆದು ಕಳಿಸಿದರು.

ಮರುವರ್ಷ ವಿಮೆ ಮುಂದುವರಿಸುವಾಗ ಅದೇ ತಾರೀಕನ್ನು ಹಾಗೆಯೇ ಬರೆದರು. ಆ ವರ್ಷ ಸಂಕ್ರಮಣ ಒಂದು ದಿನ ಮುಂದೆ ಹೋಗಿತ್ತು, ಅದರೊಂದಿಗೆ ಪತ್ತನಾಜೆಯೂ. ಪಂಚಾಂಗ ಬಾಯಿಪಾಠ ಇರುವ ಮನೆಯವರು ಅವರು! ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ನಮ್ಮಲ್ಲಂತೂ ಇಂಗ್ಲಿಷ್ ತಾರೀಕು ಯಾರೂ ನೋಡುತ್ತಿರಲಿಲ್ಲ.

ಆ ಪತ್ತನಾಜೆಯಂದು ಏಜೆಂಟರೂ ಗದ್ದೆಗೆ ಬಂದಿದ್ದರು. ಕಾಯಿ ಅವರ ಕೈಯಲ್ಲೇ ಇತ್ತು. ಹಿಂದಿನ ದಿನ ಘಟ್ಟದ ಕಡೆ ಬಿದ್ದ ಮಳೆಗೆ ಹೊಳೆ ಕೆಂಪಾಗಿ ಉಬ್ಬಿತ್ತು. ಕೊನೆಯ ರಾಶಿ ದೂಡುತ್ತಿದ್ದಾಗ ದಡ ಸದ್ದಿಲ್ಲದೆ ಕುಸಿಯಿತು. ಡ್ರೈವರ್ ಹಾರಿ ಬದುಕಿದ. ಟ್ರ್ಯಾಕ್ಟರ್ ಮೂಗು ಕೆಳಗೆ ಮಾಡಿ ಹೊಳೆಗೆ ಜಾರಿ, ನೋಡನೋಡುತ್ತಲೇ ಮುಳುಗಿತು. ಬಾಪ ತಲೆಯ ಮೇಲೆ ಕೈ ಹೊತ್ತು ಕೂತರು. ಏಜೆಂಟರು ಕೆಲಸದವರೆಲ್ಲರ ಎದುರು ಅವರ ಭುಜ ಹಿಡಿದು, “ಹೆದರಬೇಡಿ ಸಾಹುಕಾರ್ರೆ, ವಿಮೆ ಉಂಟಲ್ಲ. ನಾನಿದ್ದೇನೆ” ಎಂದರು. ಅವರ ಮಾತು ಕೇಳಿ ಬಾಪ ಎದ್ದು ನಿಂತದ್ದು, ಡ್ರೈವರಿಗೆ ನೀರು ಕೊಡಲು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಅವರು ಕದ್ರಿಯಿಂದ ನಡೆದೇ ಬಂದರು. ಹಣೆಯಲ್ಲಿ ಗಂಧ ಇರಲಿಲ್ಲ. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, ತಾರೀಕು ತಪ್ಪಿ ಬರೆದಿದ್ದೇನೆ, ರಕ್ಷಣೆ ಮೊನ್ನೆಗೇ ಮುಗಿದಿತ್ತು ಎಂದು ಹೇಳಿದರು. ಬಾಪ ಜಗಲಿಯಿಂದ ಇಳಿದು ಬಂದರು. “ಬನ್ನಿ, ಕೂತುಕೊಳ್ಳಿ. ಬೊಂಡ ಕೆತ್ತಿಸ್ತೇನೆ” ಎಂದರು. ಏಜೆಂಟರು ಕೂರಲಿಲ್ಲ, ಕುಡಿಯಲಿಲ್ಲ. ಒಂದು ದಿನ ಮೊದಲೇ ಮುಳುಗಿತೆಂದು ಹೇಳೋಣ, ಕೆಲಸದವರೂ ಹಾಗೆಯೇ ಹೇಳುತ್ತಾರೆ, ನಾನೂ ಹೇಳುತ್ತೇನೆ ಎಂದು ಕೈ ಮುಗಿದರು. ಎಂದೂ ಸುಳ್ಳು ಬರೆಯದವರು. ಬಾಪ ಒಪ್ಪಲಿಲ್ಲ. “ನನಗೋಸ್ಕರ ಅಷ್ಟು ಜನ ಸುಳ್ಳು ಹೇಳುವುದು ಬೇಡ. ಬರೆದದ್ದು ನೀವಾದರೂ ಸೈನ್ ಹಾಕಿದ್ದು ನಾನಲ್ವಾ?” ಎಂದರು. ಬಾಪನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ.

ಏಜೆಂಟರು ಪಂಚಾಂಗ ಕಟ್ಟಿಕೊಂಡು ಮದರಾಸಿಗೆ ಹೋದರು. ಅಲ್ಲಿಯ ಅಧಿಕಾರಿ ಮರ್ಯಾದೆಯಿಂದಲೇ ಕೇಳಿ, ಕಂಪೆನಿಗಿರುವುದು ಒಂದೇ ಕ್ಯಾಲೆಂಡರ್ ಎಂದು ಕಳಿಸಿಕೊಟ್ಟನಂತೆ. ಬಂದವರೇ ಏಜೆನ್ಸಿ ಬಿಟ್ಟರು. ಬಾಪ ಜೀಪುಗಳನ್ನು ಮಾರಿ ಬೊಂಬಾಯಿಯಲ್ಲಿ ಯಾರದೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಚೀಟಿ ಬರೆಯಲು ಹೋದರು. ಉಮ್ಮ, ಅಕ್ಕಂದಿರು ಬೀಡಿ ಕಟ್ಟಲು ಕೂತರು. ದೊಡ್ಡಕ್ಕನಿಗೆ ಗೊತ್ತಾಗಿದ್ದ ಸಂಬಂಧ ತಪ್ಪಿಹೋಯಿತು. ಬಡತನ ಬಂದರೆ ನೆಂಟರಿಗೂ ದಾರಿ ಮರೆಯುತ್ತದೆ.

ದಾರಿ ಮರೆಯದವರು ಏಜೆಂಟರೊಬ್ಬರೇ. ಸಂಜೆ ಬರುತ್ತಿದ್ದರು, ಜಗಲಿಯ ಅಂಚಿನಲ್ಲಿ ಕೂತು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಮೊದಲಿನ ನಗು ಇರಲಿಲ್ಲ. ನಾನು ತಪ್ಪು ಓದಿದರೆ ಗದರುತ್ತಿರಲಿಲ್ಲ, ಸುಮ್ಮನೆ ಬೆರಳಿಟ್ಟು ತೋರಿಸುತ್ತಿದ್ದರು. ಬಾಪ ರಜೆಗೆ ಬಂದಾಗಲೆಲ್ಲ ಅವರನ್ನು ಕರೆಸಿ ಪಕ್ಕದಲ್ಲೇ ಕೂರಿಸಿಕೊಂಡು ಬೊಂಬಾಯಿಯ ಸುದ್ದಿ ಹೇಳುತ್ತಿದ್ದರು. ಟ್ರ್ಯಾಕ್ಟರಿನ ಮಾತು ಎತ್ತುತ್ತಿರಲಿಲ್ಲ. ಏಜೆಂಟರು ತಲೆ ತಗ್ಗಿಸಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ. ಅವರು ಕಲಿಸಿದ ಇಂಗ್ಲಿಷಿನಿಂದಲೇ ನನಗೆ ಕೊಟ್ಟಾರದ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನನ್ನ ಮನೆಯ ಒಲೆ ಇಂದಿಗೂ ಉರಿಯುವುದು ಅವರಿಂದ.

ಅರವತ್ತರ ದಶಕದ ಕೊನೆಗೆ ಬಾಪ ಬೊಂಬಾಯಿಯಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದೂ ಅಲ್ಲಿಯೇ. ಸುದ್ದಿ ಹೇಳಲು ಕದ್ರಿಗೆ ಹೋದಾಗ ಏಜೆಂಟರು ಕಾಯಿಲೆಯಿಂದ ಚಾಪೆ ಹಿಡಿದಿದ್ದರು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು.

“ಮನೆಯಲ್ಲಿ ನಿನ್ನ ಬಾಪ ನನ್ನನ್ನು ಬೈತಿದ್ದರಾ? ನಿಜ ಹೇಳು.”

ಅವರಿಗೆ ಸಮಾಧಾನವಾಗಲಿ ಎಂದು, ಒಂದು ದಿನವೂ ಇಲ್ಲ ಎಂದೆ. ಅದು ನಿಜವೂ ಆಗಿತ್ತು.

ಅವರ ಮುಖ ಬಿದ್ದುಹೋಯಿತು. “ಒಮ್ಮೆ ಬೈದಿದ್ದರೆ ಅಷ್ಟಾದರೂ ಭಾರ ಇಳೀತಿತ್ತು. ಇನ್ನು ಬೈಯಲಿಕ್ಕೆ ಯಾರುಂಟು ಮಾರಾಯ?”

ಹಾಗೆಂದು ನನ್ನನ್ನೇ ನೋಡುತ್ತಾ ಕಾದರು. ಆ ಮನೆಯ ಮಗ ನಾನು, ಬೈಯುವ ಅಧಿಕಾರ ಉಳಿದಿದ್ದರೆ ನನ್ನೊಬ್ಬನಿಗೆ. ಅಕ್ಷರ ಕಲಿಸಿದವರ ಮೇಲೆ ನಾಲಿಗೆ ಏಳಲಿಲ್ಲ. ಅವರು ಮೆಲ್ಲಗೆ ನನ್ನ ಕೈ ಬಿಟ್ಟು ಗೋಡೆಯ ಕಡೆ ತಿರುಗಿಕೊಂಡರು. ಆ ವಾರವೇ ಹೋದರು.