ಬಿಳಿ ಪ್ಲಗ್

ನನ್ನ ಸೋದರಮಾವನನ್ನು ಪೇಟೆಯವರು "ಡಾಕ್ಟರ್" ಅಂತಾರೆ. ಬೋರ್ಡಿಲ್ಲ, ಡಿಗ್ರಿಯಿಲ್ಲ, ಇರುವುದು ಕೈಗುಣ ಮಾತ್ರ. ಸ್ಕೂಟರಾಗಲಿ, ನೀರಿನ ಪಂಪಾಗಲಿ, ಮೊದಲು ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. ಮಸಿ ಹಿಡಿದಿದ್ದರೆ ಕಾರ್ಬುರೇಟರ್ ಪೆಟ್ರೋಲ್ ಜಾಸ್ತಿ ಕುಡಿಸುತ್ತಿದೆ ಎಂದರ್ಥ. ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಒಳಗೊಳಗೇ ಬೇಯುತ್ತಿದೆ. "ಗಿರಾಕಿ ಸುಳ್ಳು ಹೇಳ್ಬಹುದು, ಪ್ಲಗ್ ಹೇಳಲ್ಲ" ಅನ್ನುವುದು ಅವನ ಮಾತು.

ಇಂಥವನ ಜೊತೆ ಅಮ್ಮ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾಳೆ. ಮೈಲೇಜ್ ಬರಲಿ ಎಂದು ಅಪ್ಪ ಪ್ರಾಣ ತಿಂದಿದ್ದಕ್ಕೆ ಮಾವ ಕಾರ್ಬುರೇಟರಿನ ಸ್ಕ್ರೂ ಒಂದಿಷ್ಟು ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದ್ದ. ಮಾರನೇ ದಿನವೇ ಓಡುತ್ತಿದ್ದ ಸ್ಕೂಟರಿನ ಎಂಜಿನ್ ಕಾದು ಜಾಮ್ ಆಯಿತು. ಚಕ್ರ ಕಚ್ಚಿಕೊಂಡು ಅಪ್ಪ ಲಾರಿಯಡಿಗೆ ಬಿದ್ದರು. "ಸ್ಕ್ರೂ ತಿರುಗಿಸಿದ್ದು ನಾನೇ ಅಕ್ಕ, ತಪ್ಪು ನಂದೇ" ಎಂದು ಮಾವ ಬಾಗಿಲಲ್ಲಿ ನಿಂತು ಒಪ್ಪಿಕೊಂಡ. ಅಮ್ಮ ಬಾಗಿಲು ಹಾಕಿದಳು. ಅದು ಅವನಿಗೆ ಮತ್ತೆ ತೆರೆದಿಲ್ಲ.

ನನಗೋ ಮೂಗಿನ ತುದಿಯಲ್ಲೇ ಕೋಪ. "ತಪ್ಪಾಯ್ತು ಅಂದವನನ್ನ ಎಷ್ಟು ವರ್ಷ ಸುಡ್ತೀಯಮ್ಮ?" ಎಂದು ಜಗಳ ಕಾಯುತ್ತಲೇ ಬಂದೆ. ಅಮ್ಮ ಹೊಲಿಗೆ ಮಿಷನ್ ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಮೊನ್ನೆ ನನ್ನ ಸ್ಕೂಟರ್ ಏರಿನಲ್ಲಿ ಮುಗ್ಗರಿಸತೊಡಗಿತು. ಮಾವನ ಅಂಗಡಿಗೆ ಹೋದೆ. ಕೈ ಒರೆಸಲು ಬಟ್ಟೆ ಹುಡುಕುತ್ತಾ ಒಂದು ಡಬ್ಬಿ ತೆರೆದರೆ ಒಳಗೊಂದು ಗಂಟು. ಅದರಲ್ಲಿ ಬೂದಿಬಣ್ಣದ ಪ್ಲಗ್, ಜೊತೆಗೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್. ಜೆಟ್ಟಿನ ಸಣ್ಣ ತೂತಿಗೆ ತುಕ್ಕಿನ ಚೂರೊಂದು ಅಡ್ಡ ಕೂತಿತ್ತು. ಚೀಟಿಯಲ್ಲಿ ಅಪ್ಪನ ಗಾಡಿಯ ನಂಬರ್.

"ಮಾವ, ಸ್ಕ್ರೂ ಅಲ್ವಾ? ಇದಾ?"

ಅವನು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡ. "ಟ್ಯಾಂಕ್ ತುಕ್ಕು ಹಿಡಿದಿತ್ತು. ಆ ತುಕ್ಕೇ ಜೆಟ್ಟಿಗೆ ಕಟ್ಕೊಂಡು ಎಂಜಿನ್ ಕಾದಿದ್ದು, ಸ್ಕ್ರೂನಿಂದಲ್ಲ. ಬೆಳಗ್ಗೆ ತಂದು ಬಿಡಿ, ತೊಳೀತೀನಿ ಅಂದಿದ್ದೆ. 'ಹೊಲಿದ ಬಟ್ಟೆ ಮೊದಲು ಕೊಟ್ಟು ಬನ್ನಿ ಅಂತ ನಿಮ್ಮಕ್ಕ ಹಟ ಹಿಡಿದಿದ್ದಾಳೆ, ನಾಳೆ ತರ್ತೀನಿ' ಅಂತ ನಿಮ್ಮಪ್ಪ ಫೋನ್ ಮಾಡಿದ್ರು. ಬಟ್ಟೆ ಕೊಡೋಕೆ ಹೊರಟ ಆ ದಾರೀಲೇ ಜೀವ ಹೋಗಿದ್ದು."

"ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಪುಟ್ಟಿ? ನನ್ನ ಮೇಲಿನ ಸಿಟ್ಟಲ್ಲಿ ಅಕ್ಕ ಹೇಗೋ ಬದುಕ್ತಿದ್ದಾಳೆ. ಆ ಸಿಟ್ಟು ತನ್ನ ಮೇಲೇ ತಿರುಗಿದ್ರೆ ಒಂದು ದಿನ ಬದುಕಲ್ಲ." ಗಂಟನ್ನು ಮತ್ತೆ ಕಟ್ಟಿಟ್ಟು ನನ್ನ ಗಾಡಿಯ ಪ್ಲಗ್ ಬೆಳಕಿಗೆ ಹಿಡಿದ. "ನಿಂದು ಬರೀ ಮಸಿ. ಏರ್ ಫಿಲ್ಟರ್ ಕಟ್ಕೊಂಡಿದೆ, ಅಷ್ಟೆ."

ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವನಿಗೆ ನೀರು ತಂದುಕೊಡುವುದಷ್ಟೇ ತೋಚಿತು.

ಮನೆಗೆ ಬಂದಾಗ ಅಮ್ಮ ಗುಂಡಿ ಹೊಲಿಯುತ್ತಿದ್ದಳು. "ಮೈಯೆಲ್ಲ ಪೆಟ್ರೋಲ್ ವಾಸನೆ. ನಿಮ್ಮಪ್ಪನ್ನ ತಿಂದುಕೊಂಡವನ ಹತ್ರ ಹೋಗಿದ್ದೆ ತಾನೆ?" ಎಂದು ತಲೆಯೆತ್ತಿದಳು. ಎಂದಿನಂತೆ ನಾನು ಎಗರಿ ಬೀಳುತ್ತೇನೆಂದು ಕಾದಳು.

"ಹೌದಮ್ಮ," ಎಂದೆ. "ತಪ್ಪು ಅವನದೇ."